ಕಿತ್ತಳೆ ಬ್ರಾಂದಿಯ ಚೀಟಿ

ನಾನು ಕುಡಿಯುವವನಲ್ಲ. ಆದರೂ ಬ್ರಾಂದಿಯಿಂದ ನನಗಾದಷ್ಟು ತಲೆನೋವು ಯಾವ ಕುಡುಕನಿಗೂ ಆಗಿರಲಾರದು. ಅದೆಲ್ಲ ಬಂದದ್ದು ಬಾಟಲಿಯ ಹೊರಗೆ ಅಂಟಿಸುವ ಅಂಗೈಯಗಲದ ಚೀಟಿಯಿಂದ.

ಅದು ಇಂಗ್ಲಿಷರ ಕಾಲ. ಗಾಳಿಬೀಡಿನ ಒಂದು ತೋಟದಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್. ಗಂಡ ತೀರಿಕೊಂಡ ಮೇಲೆ ತೋಟವನ್ನು ನೋಡಿಕೊಳ್ಳುತ್ತಿದ್ದವರು ಮುತ್ತವ್ವ. ಕಿತ್ತಳೆಗೆ ಗಿರಾಕಿಯಿಲ್ಲದೆ ಅರ್ಧ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತಿತ್ತು. ಮರ ಕಡಿದು ಪೂರಾ ಕಾಫಿ ಹಾಕೋಣ ಎಂದು ಮೈದುನ ಅಪ್ಪಯ್ಯನ ಹಟ. ಮದುವೆಯಾಗಿ ಬಂದ ವರ್ಷ ಮುತ್ತವ್ವ ಕೈಯಾರೆ ನೆಟ್ಟ ಮರಗಳು ಅವು. ಅವರು ಎರಡು ವರ್ಷದ ಗಡುವು ಕೇಳಿದರು. ಸರಕಾರದ ಪರವಾನಗಿ ತಂದು ಹಣ್ಣಿನ ರಸದಿಂದ ಬ್ರಾಂದಿ ಇಳಿಸಿದರು. ಮಡಿಕೇರಿಯ ದೊರೆಗಳು ಕುಡಿದು, ಇದು ಲಂಡನ್ನಿಗೆ ಹೋಗಬೇಕಾದ ಮಾಲು ಎಂದರು. ನಾವು ನಂಬಿದೆವು.

ಬಾಟಲಿಗಳು ಮಾಕುಟ್ಟದ ಘಾಟಿ ದಾರಿಯಲ್ಲಿ ಗಾಡಿಯೇರಿ ಕರಾವಳಿಗಿಳಿದು ಹಡಗು ಹತ್ತಿದವು. ತಿಂಗಳುಗಳಾದ ಮೇಲೆ ಲಂಡನ್ನಿನ ವ್ಯಾಪಾರಿಯ ಕಾಗದ ಬಂತು: ರುಚಿ ಚೆನ್ನಾಗಿದೆ, ಆದರೆ ದ್ರಾಕ್ಷಿಯಿಂದ ಇಳಿಸದ ಮಾಲನ್ನು ಬ್ರಾಂದಿ ಎನ್ನುವಂತಿಲ್ಲ. 'ಕಿತ್ತಳೆ ಸ್ಪಿರಿಟ್' ಎಂದು ಹೊಸ ಚೀಟಿ ಅಚ್ಚು ಹಾಕಿಸಿದೆ. ಯಾವ ದೇಶದ್ದೆಂದು ಕಾಣಿಸಿಲ್ಲ ಎಂದು ಉತ್ತರ ಬಂತು. 'ಕೊಡಗು' ಎಂದು ಸೇರಿಸಿದೆ. ಅದು ದೇಶವಲ್ಲವಂತೆ. 'ಇಂಡಿಯಾ' ಎಂದು ತಿದ್ದಿದೆ. ಈಗ ಅಕ್ಷರ ಚಿಕ್ಕದಾಯಿತಂತೆ. ವಿಷ್ಣುವಿಗೆ ಸಾವಿರ ಹೆಸರಿಟ್ಟು ಒಂದಕ್ಕೂ ತಕರಾರು ಕೇಳದ ನಾಡಿನಲ್ಲಿ ಹುಟ್ಟಿದವನು, ಒಂದು ಬಾಟಲಿಗೆ ಒಂದು ಹೆಸರಿಡಲಾರದೆ ಅಚ್ಚುಮನೆಗೆ ಅಲೆದೆ.

ಅಕ್ಷರ ಚಿಕ್ಕದೆಂಬ ಕಾಗದ ಓದಿ ಹೇಳಿದ ದಿನ ಮುತ್ತವ್ವ, "ಅಲ್ಲಿಂದ ಬರೋ ಬಾಟ್ಲೀನ, ನೀನು ಯಾರ ಮಗ ಅಂತ ನಾವು ಯಾವತ್ತಾದ್ರೂ ಕೇಳಿದ್ದೀವಾ ರೈಟರೇ?" ಎಂದರು. ಕೇಳಿರಲಿಲ್ಲ. ಕೇಳುವ ಅಧಿಕಾರ ನಮಗೆಲ್ಲಿತ್ತು?

ಕೊನೆಯ ಕಾಗದ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ಚೀಟಿ ಈಗ ನಿಯಮಕ್ಕೆ ಸರಿಯಾಗಿದೆ ಎಂದು ವ್ಯಾಪಾರಿ ಬರೆದಿದ್ದ. ಆದರೆ ಬ್ರಾಂದಿ ಎಂಬ ಹೆಸರಿಲ್ಲದ ಮಾಲನ್ನು ಅಂಗಡಿಯವರು ಮುಟ್ಟುತ್ತಿಲ್ಲ, ಕ್ಷಮಿಸಬೇಕು ಎಂದಿತ್ತು. ಕಾಗದವನ್ನು ಹರಿದುಹಾಕೋಣವೆನ್ನಿಸಿತು, ರೈಟರ್ ಬುದ್ಧಿ, ಫೈಲಿಗೆ ಸೇರಿಸಿದೆ.

ಮರುವಾರ ಅಪ್ಪಯ್ಯ ಕೊಡಲಿಯ ಆಳುಗಳೊಂದಿಗೆ ಬಂದರು. ಮುತ್ತವ್ವ ಬೇಡಿಕೊಳ್ಳಲಿಲ್ಲ. ಬಿಸಿಲಲ್ಲಿ ಬಂದ ಮೈದುನನನ್ನು ಜಗಲಿಯಲ್ಲಿ ಕೂರಿಸಿ, ಚೀಟಿಯಿಲ್ಲದ ಬಾಟಲಿಯಿಂದ ಒಂದು ಗ್ಲಾಸು ಬಗ್ಗಿಸಿಕೊಟ್ಟರು. ಅಷ್ಟು ದಿನ ಸಿಟ್ಟಿಗೆ ಅಪ್ಪಯ್ಯ ಅದರ ಒಂದು ಹನಿಯನ್ನೂ ಬಾಯಿಗೆ ಹಾಕಿರಲಿಲ್ಲ.

"ಇದಕ್ಕೆ ಏನಂತಾರೆ ಅತ್ತಿಗೆ?"

"ಕುಡಿದು ನೋಡು. ಆಮೇಲೆ ನೀನೇ ಹೇಳು."

ಅವರು ಕುಡಿದರು. ಮತ್ತೊಂದು ಗ್ಲಾಸು ಕೇಳಿ ಪಡೆದು, ಮರಗಳ ಕಡೆ ನೋಡುತ್ತ ನಿಧಾನವಾಗಿ ಅದನ್ನೂ ಮುಗಿಸಿದರು. ಕೆಳಗಿನ ಇಳಿಜಾರಿಗೆ ಮಾತ್ರ ಕಾಫಿ ಹಾಕಿಸುತ್ತೇನೆ, ಮೇಲಿನದು ಹಾಗೇ ಇರಲಿ ಎಂದು ಆಳುಗಳನ್ನು ಕರೆದುಕೊಂಡು ಹೋದರು.

ಅಪ್ಪಯ್ಯನಿಗೆ ಓದು ಬರಹ ಅಷ್ಟಕ್ಕಷ್ಟೆ. ಎಂಥ ಪುಣ್ಯ!