ಪ್ರತಿ ವರ್ಷ ಅಕ್ಷರ ಕಲಿತ ರಮಜಾನಬಿ

ಲಕ್ಷ್ಮೇಶ್ವರದ ನಮ್ಮ ಕಾಲೇಜಿನಲ್ಲಿ ವರ್ಷದ ಕೊನೆಗೆ ಸ್ನೇಹ ಸಮ್ಮೇಳನ ನಡೆಯುತ್ತದೆ. ವರ್ಷವಿಡೀ ಕಾಲೇಜು ಊರಿಗಾಗಿ ಏನೇನು ಮಾಡಿತು ಎಂಬ ವರದಿಯನ್ನು ಅಂದು ಓದುತ್ತಾರೆ. ಬರೀ ಓದಿದರೆ ನಂಬುವವರಾರು? ಅದಕ್ಕೇ ಒಂದೊಂದು ಸೇವೆಗೂ ಒಬ್ಬೊಬ್ಬರನ್ನು ವೇದಿಕೆ ಹತ್ತಿಸುವ ಪದ್ಧತಿ. ಕಣ್ಣಿನ ಶಿಬಿರ ಎಂದ ಕೂಡಲೇ ಕರಿ ಕನ್ನಡಕದ ಮುದುಕನೊಬ್ಬ ಬಂದು ಕೈ ಮುಗಿಯುತ್ತಾನೆ. ರಕ್ತದಾನ ಎಂದಾಗ ದಷ್ಟಪುಷ್ಟ ಹುಡುಗನೊಬ್ಬ ತೋಳು ಮಡಚಿ ನಿಲ್ಲುತ್ತಾನೆ. ವಯಸ್ಕರ ಶಿಕ್ಷಣ ಎಂದಾಗ ರಮಜಾನಬಿ ಬಂದು ಕರಿಹಲಗೆಯ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಹೀಗೆ ಆಕೆ ಆರು ಸಲವೋ ಏಳು ಸಲವೋ ಹೊಸದಾಗಿ ಅಕ್ಷರಸ್ಥೆಯಾದಳು. ಲೆಕ್ಕ ನನಗೂ ತಪ್ಪಿದೆ. ಕಾಲೇಜಿಗಂತೂ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ.

ಕಾಲೇಜಿನ ಗೇಟಿಗೆ ಎದುರಾಗಿ ನನ್ನದೊಂದು ಸಣ್ಣ ಛಾಪಖಾನೆ. ಸಮ್ಮೇಳನದ ಆಮಂತ್ರಣ ಅಚ್ಚಾಗುವುದು ನನ್ನಲ್ಲೇ. ಆದ್ದರಿಂದ ಎರಡನೆಯ ಸಾಲಿನಲ್ಲಿ ನನಗೊಂದು ಕುರ್ಚಿ ಗ್ಯಾರಂಟಿ. ರಮಜಾನಬಿ ಗೇಟಿನ ಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಹುರಿದ ಶೇಂಗಾ, ಚುನಮುರಿ ಮಾರುತ್ತಿದ್ದಳು. ಗಂಡ ಅಲ್ಲಾಉದ್ದೀನ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಸ್ಟೀಲಿನ ಪಾತ್ರೆಗಳು ಬಂದು ಅವನ ಉದ್ಯೋಗ ತಿಂದವು, ಎದೆನೋವು ಬಂದು ಅವನನ್ನು ತಿಂದಿತು. ಉಳಿದವಳು ಒಬ್ಬ ಮಗಳು, ಅಸ್ಮಾ.

ಧಾರವಾಡದಿಂದ ಒಡೆದು ಗದಗ ಬೇರೆ ಜಿಲ್ಲೆಯಾದ ಹೊಸತು. ಎಲ್ಲರಿಗೂ ಅಕ್ಷರ ಕಲಿಸಿಯೇ ತೀರಬೇಕೆಂದು ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಗೋಡೆಗೋಡೆಯ ಮೇಲೆ ಬರೆಸಿದರು. ಆ ಬರಹ ಯಾರಿಗಾಗಿ ಇತ್ತೋ ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಆ ಮಾತು ಬೇರೆ. ನಮ್ಮ ಕಾಲೇಜಿನಲ್ಲಿ ಸೇವಾ ಯೋಜನೆಯ ಅಧಿಕಾರಿಯಾಗಿದ್ದವರು ಇತಿಹಾಸದ ಪ್ರೊಫೆಸರ್ ಅನಂತ ಸೊರಟೂರ. ಅವರು ಹುಡುಗರನ್ನು ಗುಂಪು ಮಾಡಿ ರಮಜಾನಬಿಯ ಓಣಿಗೆ ಕಳಿಸಿದರು. ಹುಡುಗರಿಗೆ ಸಂಕ್ರಮಣದ ಹೊತ್ತಿಗೇ ಬೇಸರ ಬಂದು ಹೋಗುವುದನ್ನು ಬಿಟ್ಟರು. ಓಣಿಯ ಹೆಂಗಸರೂ ಶೇಂಗಾ ಒಡೆಯುವ ಕೂಲಿಗೆ ಹೋದರು. ರಮಜಾನಬಿ ಮಾತ್ರ ಬಿಡಲಿಲ್ಲ. ಆ ವರ್ಷದ ಸಮ್ಮೇಳನದಲ್ಲಿ ಆಕೆ ತನ್ನ ಹೆಸರು ಬರೆದು, ಯಾರೂ ಕೇಳದಿದ್ದರೂ ಅದರ ಕೆಳಗೆ ಅಲ್ಲಾಉದ್ದೀನ ಎಂದೂ ಬರೆದಳು. ಅಂದಿನ ಚಪ್ಪಾಳೆ ಖರೆಯ ಚಪ್ಪಾಳೆ. ನಾನೂ ಕೈ ನೋಯುವವರೆಗೆ ತಟ್ಟಿದೆ.

ಆಮೇಲೆ ಆಕೆಗೆ ಓದಿನ ಹುಚ್ಚೇ ಹಿಡಿಯಿತು. ಪೊಟ್ಟಣ ಕಟ್ಟಲು ನನ್ನಲ್ಲಿ ಅಚ್ಚು ಕೆಟ್ಟ ಹಾಳೆಗಳನ್ನು ಒಯ್ಯುತ್ತಿದ್ದಳು. ಒಯ್ಯುವ ಮೊದಲು ನನ್ನ ಕಟ್ಟೆಯ ಮೇಲೆ ಕುಳಿತು ಅವನ್ನು ಓದುತ್ತಿದ್ದಳು. ಮದುವೆಯ ಕರೆಯೋಲೆ, ತೀರಿಕೊಂಡವರ ಸುದ್ದಿ, ಚುನಾವಣೆಯ ಕರಪತ್ರ, ಏನು ಸಿಕ್ಕರೂ ಆದೀತು. ಮೊದಮೊದಲು ತುಟಿ ಅಲುಗುತ್ತಿದ್ದವು. ವರ್ಷ ತುಂಬುವಷ್ಟರಲ್ಲಿ ತುಟಿ ಸುಮ್ಮನಾಗಿ ಬರೀ ಕಣ್ಣು ಓಡತೊಡಗಿತು. ಒಮ್ಮೆ ಯಾವುದೋ ಕಥೆಯ ಒಂದಷ್ಟು ಹಾಳೆ ರದ್ದಿಯಲ್ಲಿ ಬಂದಿದ್ದವು. ಓದಿ ಮುಗಿಸಿ ಎದ್ದು ಬಂದಳು.

"ಇದರ ಮುಂದಿನ ಹಾಳಿ ಎಲ್ಲೈತ್ರಿ?"

"ಅಷ್ಟ ಬಂದಾವಬೇ."

"ಆ ಹುಡುಗಿ ಬಾವ್ಯಾಗ ಬಿದ್ದಾಳ್ರಿ. ಮ್ಯಾಲ ಬಂದ್ಲೋ ಇಲ್ಲೋ?"

ನನಗೇನು ಗೊತ್ತು. ಆಕೆ ಅಂದು ವ್ಯಾಪಾರವನ್ನೂ ನೆಟ್ಟಗೆ ಮಾಡಲಿಲ್ಲ. ಆಕೆ ಓದಿದ್ದೆಲ್ಲ ಹೀಗೆಯೇ, ನಡುವಿನ ಹಾಳೆಗಳು. ಒಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ. ಕಾಲೇಜಿನ ಗ್ರಂಥಾಲಯದ ಜವಾನ ಸಂಗಪ್ಪ ಒಂದು ದಿನ ಶೇಂಗಾ ತರಿಸಿಕೊಂಡ ನೆವದಲ್ಲಿ ಆಕೆಯನ್ನು ಬಾಗಿಲ ತನಕ ಬಿಟ್ಟಿದ್ದ. ತಿರುಗಿ ಬಂದವಳು ನನ್ನನ್ನು ಕೇಳಿದ್ದು ಒಂದೇ ಮಾತು, "ಅಷ್ಟೂ ಪೂರ್ತಿ ಪುಸ್ತಕಾನ ಏನ್ರಿ?"

ಎರಡನೆಯ ವರ್ಷ ಸೊರಟೂರ ಸರ್ ಗೇಟಿಗೆ ಬಂದರು. ಆ ವರ್ಷ ಶಿಬಿರ ನಡೆದದ್ದು ಬಾಳೆಹೊಸೂರಿನಲ್ಲಿ, ಅಲ್ಲಿ ಅಕ್ಷರ ಕಲಿತವರು ಯಾರೂ ಇರಲಿಲ್ಲ. ಕಲಿಸಿದವರೂ ಇರಲಿಲ್ಲ.

"ರಮಜಾನಬಿ, ಈ ವರ್ಷಾನೂ ಒಂದ್ ಸಲ ಬಂದ್ ಹೆಸರ್ ಬರದ್ ಹೋಗಬೇಕು."

"ನನಗ ಈಗ ಎಲ್ಲಾ ಓದಾಕ ಬರ್ತೈತ್ರಿ ಸರ್."

"ಬರ್ಲಿ. ವೇದಿಕಿ ಮ್ಯಾಲ ಓದಾಕ ಬರಬಾರದು ಅಷ್ಟ. ಗೇಟಿನ ಮುಂದ ಯಾರೂ ಕುಂಡ್ರಬಾರದಂತ ಪ್ರಿನ್ಸಿಪಾಲರು ಅನ್ನಾಕತ್ಯಾರ. ನಿನ್ನ ಜಾಗಾ ನಾ ನೋಡ್ಕೋತೀನಿ."

ಬೆದರಿಕೆಯನ್ನು ಇಷ್ಟು ಮೆತ್ತಗೆ ಹಾಕಲು ನಿಜಕ್ಕೂ ವಿದ್ಯೆ ಬೇಕು. ರಮಜಾನಬಿ ಒಪ್ಪಿದಳು. ಅಂದಿನಿಂದ ವರದಿಯಲ್ಲಿ ಆಕೆ ಒಂದು ವರ್ಷ ಬಾಳೆಹೊಸೂರಿನವಳು, ಮರುವರ್ಷ ಶಿರಹಟ್ಟಿ ಕಡೆಯವಳು, ಅದರ ಮರುವರ್ಷ ಹೊಂಬಳದವಳು. ಅತಿಥಿಗಳು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು, ಅವರಿಗೆ ತಿಳಿಯುತ್ತಿರಲಿಲ್ಲ. ದಿನಾ ಆಕೆಯ ಕೈಯ ಶೇಂಗಾ ತಿನ್ನುವ ಹುಡುಗರಿಗೆ ಮಾತ್ರ ಎಲ್ಲವೂ ತಿಳಿದಿತ್ತು. ಆಕೆ ಸುಣ್ಣದಕಡ್ಡಿ ಹಿಡಿದ ಕೂಡಲೇ ಹಿಂದಿನ ಸಾಲಿನಿಂದ ಸಿಳ್ಳೆ ಬೀಳುತ್ತಿದ್ದವು. "ಕೈ ನಡುಗಸಬೇ," ಎಂದು ಯಾವನಾದರೂ ಕೂಗುತ್ತಿದ್ದ. ಆಕೆ ನಡುಗಿಸುತ್ತಿದ್ದಳು. ಸೊರಟೂರ ಸರ್ ಹೇಳಿಕೊಟ್ಟದ್ದೂ ಅದನ್ನೇ. ಒಮ್ಮೆ ಎದ್ದು ನಿಜ ಹೇಳಿಬಿಡುತ್ತೇನೆ ಎಂದು ನಾನು ಅಂದದ್ದಕ್ಕೆ ಆಕೆಯೇ ನನ್ನನ್ನು ತಡೆದಳು. "ಬ್ಯಾಡ್ರಿ. ನನ್ನ ಮಗಳು ಇದ ಕಾಲೇಜಿಗೆ ಬರಾಕಿ," ಎಂದಳು.

ಅಸ್ಮಾ ಬಂದಳು. ಚುರುಕು ಹುಡುಗಿ, ತಾಯಿಯ ಹಾಗೆಯೇ. ಆಕೆಯ ಕನ್ನಡದ ಪಠ್ಯಪುಸ್ತಕವನ್ನು ತಾಯಿ ಮೊದಲು ಓದಿ ಮುಗಿಸುತ್ತಿದ್ದಳು, ಪರೀಕ್ಷೆ ಬಂದಾಗ ಕುಳ್ಳಿರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದಳು. ಕಾಲೇಜಿನೊಳಗೆ ಮಾತ್ರ ಅಸ್ಮಾ ಗೇಟಿನ ಕಡೆ ನೋಡದೆ ನಡೆಯುವುದನ್ನು ರೂಢಿ ಮಾಡಿಕೊಂಡಳು. ಸಿಳ್ಳೆ ಆಕೆಯ ಕಿವಿಗೂ ಬೀಳುತ್ತಿದ್ದವಲ್ಲ.

ಅಸ್ಮಾ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಎರಡು ಸಂಗತಿ ಕೂಡಿ ಬಂದವು. ಜವಾನ ಸಂಗಪ್ಪ ನಿವೃತ್ತನಾಗುವವನಿದ್ದ. ಆಡಳಿತ ಮಂಡಳಿಗೆ ಚನ್ನಬಸವಣ್ಣ ಎಂಬ ಹೊಸ ಅಧ್ಯಕ್ಷರು ಬಂದಿದ್ದರು, ಹತ್ತಿಯ ವ್ಯಾಪಾರಿ, ದುಡುಕು ಮನುಷ್ಯನಾದರೂ ಕೆಟ್ಟವರಲ್ಲ. ರಮಜಾನಬಿ ಸೊರಟೂರ ಸರ್ ಹತ್ತಿರ ಹೋಗಿ ಆ ಎಲ್ಲ ವರ್ಷಗಳಲ್ಲಿ ಮೊದಲ ಬಾರಿಗೆ ತನಗಾಗಿ ಏನನ್ನೋ ಕೇಳಿದಳು.

"ಸಂಗಪ್ಪನ ಜಾಗಾ ನನಗ ಕೊಡಸ್ರಿ ಸರ್. ಪುಸ್ತಕ ಹೊಂದಸಾಕ ಬರ್ತೈತಿ. ಕಸಾ ಹೊಡೀತೀನಿ. ಪಗಾರ ಎಷ್ಟರ ಕೊಡ್ರಿ."

"ಈ ವರ್ಷ ಒಂದ್ ಸಮ್ಮೇಳನ ಸುಸೂತ್ರ ದಾಟಿಸಿಬಿಡು," ಎಂದರು ಸರ್. "ಮುಗದ ಮ್ಯಾಲ ನಾನ ಅಧ್ಯಕ್ಷರಿಗೆ ಹೇಳ್ತೀನಿ, ಈಕಿಗೆ ಓದಾಕ ಬರ್ತೈತಿ ಅಂತ. ವೇದಿಕಿ ಮ್ಯಾಲ ಏನೂ ತೋರಸಬ್ಯಾಡ ಮತ್ತ. ನಿನ್ನ ಮಗಳು ಈ ಸಲ ಉತ್ತಮ ಸ್ವಯಂಸೇವಕಿ. ತಾಯಿಗೆ ತಾನ ಅಕ್ಷರ ಕಲಿಸ್ಯಾಳ ಅಂತ ವರದಿ ಆಗೇತಿ."

ಮನೆಯಲ್ಲಿ ಅಸ್ಮಾಳೂ ಅದನ್ನೇ ಹೇಳಿದಳಂತೆ. "ಅಮ್ಮಾ, ಇದೊಂದ್ ಸಲ." ಹೇಳುವಾಗ ಮುಖ ನೋಡಲಿಲ್ಲ ಎಂದು ರಮಜಾನಬಿ ನನಗೆ ನಗುತ್ತಲೇ ಹೇಳಿದಳು. ಆಕೆ ಖುಷಿಯಲ್ಲಿದ್ದಳು. ಗ್ರಂಥಾಲಯದ ಯಾವ ಮೂಲೆಯಿಂದ ಓದು ಶುರು ಮಾಡಬೇಕು ಎಂಬುದೂ ಆಕೆಯ ತಲೆಯಲ್ಲಿ ನಿಶ್ಚಯವಾಗಿತ್ತು.

ಸಮ್ಮೇಳನದ ದಿನ ವೇದಿಕೆಯ ಮೇಲೆ ರಮಜಾನಬಿ ಹೆಸರು ಬರೆದಳು. ಕೈ ಸರಿಯಾಗಿಯೇ ನಡುಗಿತು. ಅಸ್ಮಾ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸ ಅಧ್ಯಕ್ಷರಿಗೆ ಹುರುಪು ಬಂತು. ಎದ್ದು ಬಂದು, ಮೇಜಿನ ಮೇಲಿದ್ದ ಆಮಂತ್ರಣವನ್ನು ಆಕೆಯ ಕೈಗೆ ಕೊಟ್ಟರು.

"ಹೆಸರು ಎಲ್ಲಾರೂ ಬರೀತಾರ. ಇದನ್ನೊಂದೀಟ ಓದು ನೋಡೋಣವಾ."

ನಾನೇ ಅಚ್ಚು ಹಾಕಿದ ಆಮಂತ್ರಣ. ನನ್ನ ಕಟ್ಟೆಯ ಮೇಲೆ ಕುಳಿತು ಅದರಲ್ಲಿದ್ದ ತಪ್ಪೊಂದನ್ನು ನನಗೆ ತೋರಿಸಿಕೊಟ್ಟವಳು ಆಕೆಯೇ. ನೌಕರಿ ಕೊಡುವವನೇ ಎದುರಿಗೆ ನಿಂತು ಓದು ಎನ್ನುತ್ತಿದ್ದಾನೆ. ಪಟಪಟ ಓದಿ, ಸಂಗಪ್ಪನ ಜಾಗ ಕೊಡಿರಿ ಎಂದರೆ ಆಗಿಹೋಯಿತು. ಓದವ್ವಾ, ಓದಿಬಿಡು ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆಕೆ ಹಾಳೆ ನೋಡಿದಳು, ಸೊರಟೂರ ಸರ್ ಕಡೆ ನೋಡಿದಳು. ಸರ್ ಮುಖ ಬಿಳಚಿಕೊಂಡಿತ್ತು. ವರದಿಯ ಪ್ರಕಾರ ಬರೀ ಮೂರು ತಿಂಗಳು ಕಲಿತವಳು ಹಾಗೆ ಓದಿದರೆ ಉಳಿದ ವರ್ಷಗಳದ್ದೆಲ್ಲ ಬಯಲಿಗೆ ಬರುತ್ತಿತ್ತು. ಆಕೆ ಕೊನೆಗೆ ಮಗಳ ಕಡೆ ನೋಡಿದಳು. ಅಸ್ಮಾ ಕಾಣಿಸಿಯೂ ಕಾಣಿಸದ ಹಾಗೆ ಒಮ್ಮೆ ತಲೆ ಅಲ್ಲಾಡಿಸಿದಳು.

"ವಾ... ವಾ... ರ್..." ಎಂದಳು ರಮಜಾನಬಿ. ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು. "ವಾರ್... ಶಿ..." ಎಂದು ನಿಂತಳು. ಹಾಳೆಯನ್ನು ತಲೆಕೆಳಗು ಮಾಡಿ ನೋಡಿದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅಧ್ಯಕ್ಷರು ಆಕೆಯ ಬೆನ್ನು ತಟ್ಟಿ, "ಇರಲಿ, ಇರಲಿ. ವಯಸ್ಸಾತು, ಎಷ್ಟ ತಲಿಗೆ ಹತ್ತೀತು?" ಎಂದರು. ಆಮೇಲೆ ಮೈಕು ಹಿಡಿದರು. ಇಂಥ ತಲೆಯೊಳಗೂ ಒಂದೆರಡು ಅಕ್ಷರ ತುಂಬಿದ ಹುಡುಗಿಯ ತಾಳ್ಮೆ ದೊಡ್ಡದು ಎಂದರು. ಗ್ರಂಥಾಲಯದಲ್ಲಿ ಸಂಗಪ್ಪನ ಜಾಗ ತೆರವಾಗುತ್ತದೆ, ಪರೀಕ್ಷೆ ಮುಗಿದ ಮೇಲೆ ಅದನ್ನು ಅಸ್ಮಾಳಿಗೇ ಕೊಡುತ್ತೇವೆ, ಒಂದು ವರ್ಷ ಹಂಗಾಮಿ, ಆಮೇಲೆ ಖಾಯಂ ಎಂದು ಅಲ್ಲಿಯೇ ಸಾರಿಬಿಟ್ಟರು. ಚಪ್ಪಾಳೆಗೆ ಪೆಂಡಾಲು ಹಾರಿಹೋಗುವುದೊಂದು ಬಾಕಿ. ಸೊರಟೂರ ಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅಧ್ಯಕ್ಷರಿಗೆ ಹೇಳುತ್ತೇನೆ ಎಂದ ಮಾತನ್ನು ಅಂದೂ ಹೇಳಲಿಲ್ಲ, ಮುಂದೂ ಹೇಳಲಿಲ್ಲ.

"ನೌಕರಿ ನಿನ್ನ ಮನಿಗೇ ಬಂತಲ್ಲಬೇ," ಎಂದರು ಕಂಡವರೆಲ್ಲ. "ಹೌದ್ರಿ, ಮನಿಗೇ ಬಂತು," ಎಂದು ಆಕೆಯೂ ಎಲ್ಲರಿಗೂ ಒಂದೊಂದು ಮುಷ್ಟಿ ಶೇಂಗಾ ಕೊಟ್ಟಳು. ನನಗೂ ಕೊಟ್ಟಳು. ನನಗೆ ತಿನ್ನಲಾಗಲಿಲ್ಲ.

ಆ ವರ್ಷವಿಡೀ ಮಗಳು ಒಳಗೆ, ತಾಯಿ ಗೇಟಿನಲ್ಲಿ. ಮನೆಗೊಂದು ಪುಸ್ತಕ ತಾರವ್ವಾ ಎಂದು ಆಕೆ ಕೇಳಿದ್ದುಂಟು. ಹಂಗಾಮಿಯವರು ಒಯ್ಯುವ ಹಾಗಿಲ್ಲ, ಖಾಯಂ ಆಗಲಿ ಎಂದಳಂತೆ ಅಸ್ಮಾ. ರಮಜಾನಬಿ ನನ್ನ ಕೆಟ್ಟ ಹಾಳೆಗಳನ್ನೇ ಓದುತ್ತ ಕಾಯ್ದಳು.

ವರ್ಷದ ಕೊನೆಗೆ ಕಾಲೇಜು ಮತ್ತೊಂದು ಸೇವೆಗೆ ಕೈ ಹಾಕಿತು. ರವಿವಾರಗಳಂದು ಗ್ರಂಥಾಲಯ ಊರ ಜನರಿಗೆಲ್ಲ ಮುಕ್ತ, ಯಾರು ಬೇಕಾದರೂ ಬಂದು ಓದಬಹುದು. ಆ ಆಮಂತ್ರಣವನ್ನೂ ನಾನೇ ಅಚ್ಚು ಹಾಕಿದೆ. ಮೊದಲ ಪ್ರತಿ ಓದಿದವಳು ರಮಜಾನಬಿ. "ಯಾರು ಬೇಕಾದ್ರೂ ಅಂದ್ರ ನಾನೂ ಬರ್ತೀನಲ್ರಿ," ಎಂದಳು. ಬರುತ್ತೀ ಎಂದೆ.

ಉದ್ಘಾಟನೆಯ ರವಿವಾರ ಬುಟ್ಟಿಯನ್ನು ನನ್ನ ಕಟ್ಟೆಯ ಮೇಲೆ ಬಿಟ್ಟು, ಹಬ್ಬದ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಕುಳಿತಳು. ಕಪಾಟಿನಿಂದ ದಪ್ಪನೆಯ ಒಂದು ಕಾದಂಬರಿಯನ್ನು ತಾನೇ ಇಳಿಸಿಕೊಂಡಿದ್ದಳು. ನಾನು ಹೋದಾಗ ಮೊದಲ ಪುಟಗಳಲ್ಲಿ ಮುಳುಗಿದ್ದಳು. ನಾನು ಮುಂದೆ ನಿಂತರೂ ಆಕೆಗೆ ಗೊತ್ತಾಗಲಿಲ್ಲ. ಅಷ್ಟು ನೆಮ್ಮದಿಯನ್ನು ನಾನು ಆಕೆಯ ಮುಖದ ಮೇಲೆ ಎಂದೂ ಕಂಡಿರಲಿಲ್ಲ.

ಅಧ್ಯಕ್ಷರು ಗದಗದಿಂದ ಬಂದ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದರು, ಹಿಂದೆ ಸೊರಟೂರ ಸರ್, ಫೋಟೋದವನು. ಅಸ್ಮಾ ಹೂಗುಚ್ಛ ಹಿಡಿದು ನಿಂತಿದ್ದಳು. ಆಕೆಯನ್ನು ಖಾಯಂ ಮಾಡುವುದನ್ನು ಅಂದಿನ ಸಭೆಯಲ್ಲೇ ಸಾರುವವರಿದ್ದರು.

"ಅರೆ, ಈಕಿ ನಮ್ಮ ರಮಜಾನಬಿ ಅಲ್ಲೇನು?" ಎಂದರು ಅಧ್ಯಕ್ಷರು. "ಹೋದ ವರ್ಷ ಒಂದ್ ಶಬ್ದ ಓದಾಕ ಬರಲಿಲ್ಲ. ಈಗ ಇಷ್ಟ ದೊಡ್ಡ ಪುಸ್ತಕ ಹಿಡದಾಳ."

ಎಲ್ಲರೂ ತಿರುಗಿ ನೋಡಿದರು. ಒಂದೇ ವರ್ಷದಲ್ಲಿ ಇಷ್ಟು ಓದು ಹೇಗೆ ಬಂತೆಂದು ಯಾರಾದರೂ ಕೆದಕಿದರೆ ಹೋದ ವರ್ಷದ ನಾಟಕವೂ ಹೊರಬೀಳುತ್ತಿತ್ತು. ರಮಜಾನಬಿ ತಲೆ ಎತ್ತಿದಳು. ಹೌದ್ರಿ, ಓದ್ತೀನಿ ಎನ್ನಲು ಬಾಯಿ ತೆರೆದಿದ್ದಳು, ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಅಸ್ಮಾ ಜಲ್ದಿ ಜಲ್ದಿ ಬಂದು ತಾಯಿಯ ಕೈಯಿಂದ ಕಾದಂಬರಿಯನ್ನು ತೆಗೆದುಕೊಂಡು ಮುಚ್ಚಿದಳು.

"ಚಿತ್ರ ನೋಡಾಕ ತಗೊಂಡಿರಬೇಕ್ರಿ ಸರ್," ಎಂದಳು ನಗುತ್ತ. ಊರ ಮಕ್ಕಳಿಗೆಂದು ತರಿಸಿಟ್ಟಿದ್ದ ಪುಸ್ತಕಗಳಿಂದ ಅಂಕಲಿಪಿಯೊಂದನ್ನು ತಂದು ತಾಯಿಯ ಮುಂದೆ ಬಿಡಿಸಿಟ್ಟಳು. "ಅಮ್ಮಾ, ಇದನ್ನ ಓದಿ ತೋರಸು. ನಾ ಕಲಿಸೀನಲ್ಲಾ."

ಫೋಟೋದವನು ಮುಂದೆ ಬಂದ. ರಮಜಾನಬಿ ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, ಪುಟದ ಮೇಲೆ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು. ಅ, ಆ, ಇ, ಈ, ಉ, ಊ ಎಂದು ಬಂದು ಋ ಹತ್ತಿರ ನಿಂತಳು. ಹೊಸದಾಗಿ ಕಲಿತವರು ನಿಲ್ಲುವುದು ಅಲ್ಲಿಯೇ.

"ಋ, ಅಮ್ಮಾ," ಎಂದು ಅಸ್ಮಾ ಹೇಳಿಕೊಟ್ಟಳು.

"ಋ," ಎಂದಳು ರಮಜಾನಬಿ.