ಗೂಡುಸಾಬರ ಬೆಂಕಿಪೊಟ್ಟಣದಷ್ಟು ಮನೆ

ಗೂಡುಸಾಬರನ್ನು ಮೊದಲು ಕಂಡಾಗ ನಾನು ಅವರನ್ನು ಗೋವೆಯ ಸಾಂಕೋಲೆಯಲ್ಲಿ ರೈಲು ಹಳಿ ಪಕ್ಕದ ಮನೆಗಳನ್ನು ಕೆಡವಿಸಲು ಬಂದ ಸಾಹೇಬರೆಂದುಕೊಂಡಿದ್ದೆ. ತಪ್ಪು ನನ್ನದಲ್ಲ, ಟೇಪಿನದು. ಹಳದಿ ಹೆಲ್ಮೆಟ್ಟು, ಕಿತ್ತಳೆ ಜಾಕೀಟಿನ ಮನುಷ್ಯನೊಬ್ಬ ಕುಕ್ಕರುಗಾಲಲ್ಲಿ ಕೂತು, ಒಂದು ಮನೆಯ ಗೋಡೆಯಿಂದ ಹಳಿಯ ಕಡೆಗೆ ಟೇಪು ಎಳೆಯುತ್ತಿದ್ದ. ನಮ್ಮವರ ವಸ್ತಿಯಲ್ಲಿ ಟೇಪು ಕಂಡರೆ ಮುಗಿಯಿತು, ಯಾಕೆಂದು ಯಾರೂ ಕೇಳುವುದಿಲ್ಲ. ಹೆಂಗಸರು ಲೈಟ್ ಬಿಲ್ಲು ಹುಡುಕುತ್ತಾರೆ, ಗಂಡಸರು ಪರಿಚಯದ ಪಂಚಾಯತಿ ಮೆಂಬರಿಗೆ ಫೋನು ಹಚ್ಚುತ್ತಾರೆ. ನಾನೋ ಕನ್ನಡ ಸಂಘದ ಜಂಟಿ ಕಾರ್ಯದರ್ಶಿ. ಜಂಟಿಯಾಗಲು ಸಂಘದಲ್ಲಿ ಇನ್ನೊಬ್ಬ ಕಾರ್ಯದರ್ಶಿ ಇಲ್ಲ, ಆ ಮಾತು ಬೇರೆ. ಓಡಿಹೋಗಿ, "ಸಮಸ್ತ ಕನ್ನಡಿಗರ ಪರವಾಗಿ ಇದನ್ನು ಉಗ್ರವಾಗಿ ಖಂಡಿಸುತ್ತೇನೆ" ಎಂದೆ.

ಆ ಮನುಷ್ಯ ತಲೆ ಎತ್ತಿದ. "ಖಂಡಸ್ರಿ. ಮೊದಲ ಈ ಟೇಪಿನ ತುದಿ ಸ್ವಲ್ಪ ಹಿಡಕೋರಿ, ಗಾಳಿಗಿ ಅಳ್ಳಾಡಾಕತ್ತೈತಿ."

ಹಿಡಿದುಕೊಂಡೆ. ಅವರು ಅಳೆಯುತ್ತಿದ್ದುದು ತಮ್ಮದೇ ಮನೆಯನ್ನು.

ಗೂಡುಸಾಬರು ತಾಳಿಕೋಟಿ ಕಡೆಯವರು. ಗೋವೆಯಲ್ಲಿ ಸೆಂಟ್ರಿಂಗ್ ಕೆಲಸ. ಸ್ಲ್ಯಾಬಿಗೆ ಮೊದಲು ಹಲಗೆ, ಕಂಬ ಕಟ್ಟಿ ಅಚ್ಚು ಮಾಡುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚಿಕೊಂಡು ಮುಂದಿನ ಕಟ್ಟಡಕ್ಕೆ ಹೋಗುವುದು. ವಾಸ್ಕೋದಿಂದ ಪಣಜಿಯ ತನಕ ಎಷ್ಟೋ ಮಾಳಿಗೆಗಳು ಅವರ ಹಲಗೆಗಳ ಮೇಲೆ ಮಲಗಿ ಗಟ್ಟಿಯಾಗಿವೆ. ಅವರ ಮನೆಗೆ ಮಾತ್ರ ತಗಡಿನ ಪತ್ರಾಸು, ಅದರ ಮೇಲೆ ನೀಲಿ ತಾಡಪತ್ರಿ, ತಾಡಪತ್ರಿ ಹಾರದಂತೆ ಹಳೇ ಟಾಯರು.

ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಅವರಿಗೊಂದು ಆಟದ ರೈಲು ಸಿಕ್ಕಿತ್ತು. ಇಂಜಿನ್ನು, ಎರಡು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಯಾವನೋ ಪರದೇಶಿ ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದು. ನಿಜದ ಒಂದಡಿ ಇದರಲ್ಲಿ ಮೂರೂವರೆ ಮಿಲಿಮೀಟರು ಎಂದು ಮಾರುವವ ಹೇಳಿದ್ದನಂತೆ. ಅಷ್ಟು ಸಾಕಾಯಿತು. ಹಳಿ ಬಂದ ಮೇಲೆ ಅದರ ಪಕ್ಕ ತಮ್ಮ ಮನೆ ಇರಲೇಬೇಕೆಂದು ಗೂಡುಸಾಬರು ಹಟ ಹಿಡಿದರು. ನಾನು ಕಂಡ ಟೇಪು ಅದರ ಅಳತೆಗೇ.

ರಟ್ಟಿನ ಗೋಡೆ ಎದ್ದಿತು, ಬೆಂಕಿಪೊಟ್ಟಣದಷ್ಟು. ಗೋಡೆ ನಿಂತ ಕೂಡಲೇ ಕೈ ಹಳೇ ಚಾಳಿಗೆ ಬಿತ್ತು. ಬೆಂಕಿಕಡ್ಡಿಗಳ ಕಂಬ ನಿಲ್ಲಿಸಿ, ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳ ಹಲಗೆ ಹಾಸಿ, ಚಮಚೆಯಲ್ಲಿ ಸಿಮೆಂಟು ಕಲಸಿ, ಖರೇ ಸ್ಲ್ಯಾಬೇ ಹಾಕಿಬಿಟ್ಟರು. ಹಾಕಿದ ಸ್ಲ್ಯಾಬಿಗೆ ನೀರುಣಿಸದೆ ಬಿಡುವ ಆಸಾಮಿಯೂ ಅಲ್ಲ. ಬೆಳಿಗ್ಗೆ ಸಂಜೆ ನೀರು ಹೊಡೆದರು. ಸ್ಲ್ಯಾಬು ಕಲ್ಲಾಯಿತು, ಗೋಡೆ ಅಂಬಲಿಯಾಯಿತು.

ಅವರ ಹೆಂಡತಿ ಅಮೀರಬಿ ಆ ರಾಡಿಯನ್ನು ಮೊರದಲ್ಲಿ ಬಳಿದು ತಂದು ನನಗೆ ತೋರಿಸಿದರು. "ನೋಡ್ರಿ ಸೆಕ್ರೆಟರಿ ಸಾಹೇಬ್ರ, ಇರೂ ಮನಿಗಿ ಪತ್ರಾಸ, ಆಟಗಿ ಮನಿಗಿ ಸ್ಲ್ಯಾಬ! ಅದರಾಗ ಹೋಗಿ ಇರು ಅಂತಾರೋ ಏನೋ ನಂಗ."

"ಹೋಗ್ತಿಯೇನು?" ಎಂದರು ಗೂಡುಸಾಬರು.

"ನೀವು ನೀರ ಹೊಡಿಯೂದು ಬಿಟ್ರ ಹೋಗ್ತೀನಿ."

"ಊರ ಮಂದಿಗೆಲ್ಲಾ ಸ್ಲ್ಯಾಬ ಹಾಕೇನಿ. ನಂಗೊಂದು ಹಾಕ್ಕೊಂಡ್ರ ಯಾರಪ್ಪಂದ ಏನ ಹೋಗ್ತೈತಿ?" ಎಂದು ಗೊಣಗಿದವರು, ಮೊರದ ರಾಡಿಯನ್ನೊಮ್ಮೆ ಬೆರಳಿಂದ ಒತ್ತಿ ನೋಡಿ, "ಬ್ಯಾಡ ಬಿಡು. ಇದ್ದದ್ದನ್ನ ಇದ್ದಂಗ ಮಾಡ್ತೀನಿ. ಯಾರ ಏನಂತಾರ ನೋಡೂಣು" ಎಂದರು.

ಮತ್ತೆ ರಟ್ಟಿನ ಗೋಡೆ ನಿಲ್ಲಿಸಿ, ಸೋಡಾ ಡಬ್ಬಿಯ ತೆಳು ತಗಡನ್ನು ದಪ್ಪ ಬೋಲ್ಟಿನ ಸುತ್ತುಗಳ ಮೇಲಿಟ್ಟು ಉಜ್ಜಿದರು, ಪತ್ರಾಸಿನ ಏರಿಳಿತ ಮೂಡಿತು. ನೀಲಿ ಕ್ಯಾರಿಬ್ಯಾಗು ತಾಡಪತ್ರಿಯಾಯಿತು. ಸೈಕಲ್ಲಿನ ವಾಲ್‌ಟ್ಯೂಬಿನ ಸಣ್ಣ ರಬ್ಬರು ನಳಿಗೆಯನ್ನು ಬೆಂಡೆಕಾಯಿಯ ಹಾಗೆ ಹೆಚ್ಚಿದಾಗ ಟಾಯರುಗಳಾದವು.

ಆಗಲೇ ನಮ್ಮ ಸಂಘದ ರಾಜ್ಯೋತ್ಸವ ಬಂತು. ಅಧ್ಯಕ್ಷ ಗುರುಲಿಂಗ ಅವರು ಥರ್ಮಾಕೋಲಿನ ಗೋಲಗುಮ್ಮಟ ಮಾಡಿಸಿದ್ದರು. ಅದರ ಸುತ್ತ ಗೂಡುಸಾಬರ ರೈಲು ಓಡಬೇಕು. 'ಓಡುವ ರೈಲು' ಎಂದು ಬ್ಯಾನರೂ ಕಟ್ಟಿಯಾಗಿತ್ತು. ಮುನ್ನಾದಿನ ಗೂಡುಸಾಬರು ಹಳಿ ಜೋಡಿಸಿ, ಟೇಪಿನ ಲೆಕ್ಕಕ್ಕೆ ಸರಿಯಾಗಿ ಹಳಿಗೆ ಒತ್ತಿ ಮನೆ ಇಟ್ಟರು. ಅಧ್ಯಕ್ಷರ ಮುಖ ಕಪ್ಪಿಟ್ಟಿತು.

"ಗೂಡುಸಾಬ್ರ, ರೈಲು ಚಲೋ ಐತಿ. ಈ ಜೋಪಡಿ ತಗೀರಿ. ಬೆಂಗಳೂರಿಂದ ಮುಖ್ಯ ಅತಿಥಿ ಬರ್ತಾರ. ಅವ್ರ ಮುಂದ ನಮ್ಮ ಬಡತನ ತೋರಸೂದೇನು?"

"ಬಡತನ ಎಲ್ಲೈತ್ರಿ? ಇದು ನನ್ನ ಮನಿ."

"ಆ ಜಾಗಾದಾಗ ಒಂದು ಸ್ಟೇಷನ್ ಇಡ್ರಿ. ಕಮಾನು, ಬಾವುಟ..."

"ಸ್ಟೇಷನ್ ಬೇಕಾದ್ರ ನೀವು ಕಟ್ಕೋರಿ. ಮನಿ ತಗದ್ರ ರೈಲೂ ತಗೀತೀನಿ." ಹೇಳಿದವರೇ ಹಳಿಯ ಒಂದು ತುಂಡು ಬಿಚ್ಚಿ ಚೀಲಕ್ಕೆ ಹಾಕಿದರು.

ಇಂಥ ಸಮಯಕ್ಕೆಂದೇ ಜಂಟಿ ಕಾರ್ಯದರ್ಶಿಗಳು ಹುಟ್ಟುವುದು. ನಾನು ಗಂಟಲು ಸರಿಮಾಡಿಕೊಂಡು, "ಮನೆಯನ್ನು ಗೋಲಗುಮ್ಮಟದ ಹಿಂದೆ ಇಟ್ಟರೆ ಹೇಗೆ? ಮನೆ ಇದ್ದಂತೆಯೂ ಆಯಿತು, ಕಾಣದಂತೆಯೂ ಆಯಿತು" ಎಂದೆ.

"ನಾ ಗುಮ್ಮಟದ ಹಿಂದ ಇರಾಂಗಿಲ್ರಿ ಸಾಹೇಬ್ರ, ಸಾಂಕೋಲ್ಯಾಗ ಇರ್ತೀನಿ." ಇನ್ನೊಂದು ತುಂಡು ಚೀಲಕ್ಕೆ ಬಿತ್ತು.

ಅಧ್ಯಕ್ಷರು ಬ್ಯಾನರು ನೋಡಿದರು, ಚೀಲ ನೋಡಿದರು. "ಇರ್ಲಿ ಬಿಡ್ರಿ ಮಾರಾಯ್ರ" ಎಂದರು.

ಮರುದಿನ ಗೋಲಗುಮ್ಮಟ ತನ್ನಷ್ಟಕ್ಕೆ ನಿಂತಿತ್ತು. ಹೆಂಗಸರೆಲ್ಲ ಮನೆಯ ಸುತ್ತ ಮುಗಿಬಿದ್ದು, "ನಮ್ಮನಿ ಇದರ ಬಾಜೂಕ ಬರ್ತೈತಿ ನೋಡ" ಎಂದು ಬೆರಳು ತೋರಿಸುತ್ತಿದ್ದರು. ಅಮೀರಬಿ ಬಂದವರಿಗೆಲ್ಲ ದೂರುತ್ತಿದ್ದರು: "ಟಾಯರ್ ಎರಡ ಇಟ್ಟಾರ. ಈ ಮಳಿಗಾಲಕ್ಕ ಮೂರ ಆಗ್ಯಾವು, ಅದು ಕಾಣಸಿಲ್ಲ ಇವ್ರಿಗಿ!"

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಶಾಲು ಜಾರದಂತೆ ಹಿಡಿದುಕೊಂಡು ಬಗ್ಗಿದರು. ರೈಲು ಪತ್ರಾಸನ್ನು ಸವರಿದಂತೆ ಹಾದುಹೋಯಿತು. ಅವರು ಹುಬ್ಬೇರಿಸಿ ಗೂಡುಸಾಬರನ್ನು ಕೇಳಿದರು: "ಹಳಿಗೆ ಇಷ್ಟು ಹತ್ತಿರವಾಯಿತಲ್ಲ, ಮನೆಯನ್ನು ಒಂದು ಸ್ವಲ್ಪ ಆಚೆ ಸರಿಸಿದ್ದರೆ ಚೆನ್ನಾಗಿರುತ್ತಿರಲಿಲ್ಲವೇ?"

"ರೈಲ ಸರಸ್ರಿ" ಎಂದರು ಗೂಡುಸಾಬರು.