ಉಪ್ಪು ಮುಟ್ಟದ ಡಬ್ಬಿ

ಕಳೆದ ವಾರ ಧಾರವಾಡದ ಸಪ್ತಾಪುರದಲ್ಲಿ ನನ್ನ ಸ್ಕೂಟರ್ ಮಳೆಯಲ್ಲಿ ನೆನೆದು ಕೈಕೊಟ್ಟಿತು. ಗ್ಯಾರೇಜಿನವನು ಮುಂದಿನ ಕವಚ ಬಿಚ್ಚಿ ವೈರುಗಳ ಜೋಡಣೆಯ ಮೇಲೆ ಸುಂಯ್ ಅಂತ ಸ್ಪ್ರೇ ಹೊಡೆದ. ಸೀಮೆಎಣ್ಣೆಗೆ ಏನೋ ಸಿಹಿ ಬೆರೆಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಿಂದೆ ಸರಿದೆ.

"ಯಾಕ್ರಿ ಮೇಡಂ, ಅಲರ್ಜಿ ಐತೇನ್ರಿ?" ಅಂದ.

ಹೌದು ಅಂದುಬಿಟ್ಟೆ. ಹುಬ್ಬಳ್ಳಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಕಾಕಾ ಸಮುದ್ರದ ಪಾಲಾಗುವ ಮುಂಚೆ ಅವರ ಅಂಗಳದ ತುಂಬ ಇದೇ ವಾಸನೆ ಇತ್ತು ಅಂತ ಅವನಿಗೆ ಹೇಗೆ ಹೇಳುವುದು...

ವಿದ್ಯಾನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದು ಗಿಡ್ಡ ಕಂಪೌಂಡು ಮಾತ್ರ. ಹತ್ತಿ ವ್ಯಾಪಾರದ ಮನೆತನದಲ್ಲಿ ಹುಟ್ಟಿದ್ದರೂ ಕಾಕಾಗೆ ಹತ್ತಿ ಕಂಡರೆ ಆಗುತ್ತಿರಲಿಲ್ಲ. ಮಷಿನ್ ಅಂದರೆ ಮಾತ್ರ ಜೀವ. ಒಂದು ದಿನ ಟ್ರಾಲಿಯ ಮೇಲೆ ಹಳೆಯ ಜೆಟ್ ಸ್ಕೀ ಹೇರಿಕೊಂಡು ಬಂದಾಗ ಓಣಿಗೆ ಓಣಿಯೇ ಸೇರಿತ್ತು. "ಕುಡ್ಯಾಕ ನೀರಿಲ್ಲದ ಊರಾಗ ನೀರಿನ ಮ್ಯಾಲ ಓಡೋ ಗಾಡಿ ತಂದಾನ ನೋಡ್ರಿ ಇಂವಾ" ಅಂತ ನಮ್ಮಪ್ಪ ನಕ್ಕರು. ಕಾಕಾ ಅವರಿಗಿಂತ ಜೋರಾಗಿ ನಕ್ಕರು.

ಚಳಿಗಾಲ ಶುರುವಾಯಿತೆಂದರೆ ಮಳೆ ಬೀಳುವ ತನಕ ವಾರದ ಕೊನೆಗೆ ಘಟ್ಟ ಇಳಿದು ಕರಾವಳಿಗೆ ಹೋಗುವುದು, ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತು ಹೊಡೆಸುವುದು, ಸೋಮವಾರ ವಾಪಸು. ಬಂದವರೇ ಊಟಕ್ಕೂ ಕೂರದೆ ಸೀಟು ಎತ್ತುತ್ತಿದ್ದರು. ಒಳಗೆ ಒಂದು ಕರಿ ಡಬ್ಬಿ. ಇಂಜಿನ್ನಿಗೆ ಕಿಡಿ ಕೊಡುವುದು ಅದೇ. ಅದರ ವೈರುಗಳನ್ನು ಒಂದೊಂದಾಗಿ ಕಳಚಿ, ತಾಮ್ರದ ಮೇಲೆ ಹಸಿರು ಕಿಲುಬು ಹತ್ತಿದೆಯೋ ಅಂತ ಬಿಸಿಲಿಗೆ ಹಿಡಿದು ನೋಡುವರು. ಸ್ಪ್ರೇ ಹೊಡೆದು ಒರೆಸಿ, ಬಿಳಿ ಗ್ರೀಸು ತುಂಬಿ, ಟೇಪು ಸುತ್ತುವರು. "ಉಪ್ಪು ನೀರು ಕಳ್ಳ ಇದ್ದಂಗ ಯವ್ವಾ. ಬಾಗ್ಲಾ ಮುರ್ಯಾಂಗಿಲ್ಲ, ಸಂದ್ಯಾಗಿಂದ ಬರ್ತೈತಿ" ಅನ್ನುತ್ತಿದ್ದರು. ಆ ಮಾತು ಆಡುವಾಗ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ಇಡೀ ಗಾಡಿಯನ್ನು ಸಿಹಿ ನೀರಿನಿಂದ ತೊಳೆಯಬೇಕಿತ್ತು. ತಕರಾರು ಇದ್ದದ್ದು ಅಲ್ಲಿಯೇ. ನಮ್ಮಲ್ಲಿ ನಳದ ನೀರು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಅದನ್ನು ಕುಡಿಯಲಿಕ್ಕೆ, ಅಡಿಗೆಗೆ ಅಂತ ತುಂಬಿಡುತ್ತೇವೆ. ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರೇ ಗತಿ. ಒಂದು ಬೇಸಿಗೆಯಲ್ಲಿ ನಳ ಬರುವುದು ತೀರಾ ತಡವಾಯಿತು. ಕಾಕಾ ಕೊಡ ಎತ್ತಿಕೊಂಡು ಹೋಗಲು ಬಂದಾಗ ಅವರ ಹೆಂಡತಿ, ನಮ್ಮ ಕಾಕು, ಅಡ್ಡ ನಿಂತರು.

"ಮನಷ್ಯಾರು ಕುಡಿಯೋ ನೀರ್ರಿ ಇದು. ನಿಮ್ಮ ಗಾಡಿಗೆ ಬೋರಿನ ನೀರು ಸಾಕು."

ಕಾಕಾ ಕೊಡ ಕೆಳಗಿಟ್ಟರು. ಬೋರಿನ ನೀರಿನಲ್ಲೇ ತೊಳೆದರು. ಆದರೆ ಆ ವಾರವಿಡೀ ಅವರಿಗೆ ಸಮಾಧಾನವಿರಲಿಲ್ಲ. ಟೇಪು ಬಿಚ್ಚುವರು, ಮತ್ತೆ ಸುತ್ತುವರು. ಇಂಜಿನ್ ಚಾಲೂ ಮಾಡಿ ಕಿವಿಗೊಟ್ಟು ಕೇಳುವರು. ಸದ್ದು ಬದಲಾಗಿದೆ ಅಂದರು. ನಮಗೇನೋ ಎಂದಿನಂತೆಯೇ ಕೇಳಿಸಿತ್ತು. ಅವರು ಮಾತ್ರ ಯಾರೋ ಒಳಗೆ ಹೊಕ್ಕು ಕೂತಿದ್ದಾರೆ ಅನ್ನುವ ಹಾಗೆ ಆ ಡಬ್ಬಿಯನ್ನೇ ದಿಟ್ಟಿಸುತ್ತಿದ್ದರು. ನನಗೆ ಆಗಲೇ ಯಾಕೋ ಭಯವಾಗಿತ್ತು.

ಹೊರಡುವ ದಿನ ಕಾಕು ಗೇಟಿನ ತನಕ ಬಂದು, "ಈ ಸರ್ತಿ ಬ್ಯಾಡ ಬಿಡ್ರಿ" ಅಂದರು.

"ಮೊದಲ ನಾ ಒಬ್ಬನ ಒಂದು ಸುತ್ತ ಹೊಡದು ನೋಡ್ತೇನಿ. ಛಲೋ ಇದ್ರಷ್ಟ ಮಂದೀನ್ನ ಕೂಡಸ್ತೇನಿ. ನೀ ಒಳಗ ನಡಿ" ಅಂದರು ಕಾಕಾ.

ಮುಂದಿನದನ್ನು ನಮಗೆ ಹೇಳಿದವರು ಅಲ್ಲಿ ಅವರ ಜೊತೆ ಪಾಲುದಾರಿಕೆ ಮಾಡಿದ್ದ ದೋಣಿಯವರು. ಬೆಳಗ್ಗೆ, ಪ್ರವಾಸಿಗರು ಬರುವ ಮುಂಚೆ, ಕಾಕಾ ಒಬ್ಬರೇ ಅಲೆ ದಾಟಿ ಹೋದರಂತೆ. ದೂರದಲ್ಲಿ ಗಾಡಿ ನಿಂತಿತು. ದಂಡೆಯಲ್ಲಿದ್ದವರು ನೋಡುತ್ತಲೇ ಇದ್ದರು. ಕಾಕಾ ಸೀಟು ಎತ್ತಿದರು, ಡಬ್ಬಿಯ ಕಡೆ ಬಾಗಿದರು. ನೀರಿನಲ್ಲಿ ತೇಲಿಸಲಿಕ್ಕೆ ಅಂತ ಮೈಮೇಲೆ ಹಾಕಿದ್ದ ದಪ್ಪನೆಯ ಜಾಕೆಟ್ಟು ಅಡ್ಡ ಬಂದಿರಬೇಕು, ಅದನ್ನು ಬಿಚ್ಚಿ ಹ್ಯಾಂಡಲಿಗೆ ನೇತುಹಾಕಿದರು. ಮನೆಯ ಅಂಗಳದಲ್ಲಿ ನಿಂತಿದ್ದೇನೆ ಅಂತಲೇ ಅಂದುಕೊಂಡರೋ ಏನೋ... ಅವರನ್ನು ನೀರಿಗೆ ಕೆಡವಿದ ಅಲೆ ದೊಡ್ಡದೇನೂ ಅಲ್ಲವಂತೆ. ಕಾಕಾಗೆ ಈಜು ಬರುತ್ತಿರಲಿಲ್ಲ. ದೋಣಿ ತಲುಪುವಷ್ಟರಲ್ಲಿ ಗಾಡಿ ಇತ್ತು, ಜಾಕೆಟ್ಟು ಇತ್ತು, ಕಾಕಾ ಇರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಕಾಕು ಒಂದೇ ಮಾತು ಹೇಳುತ್ತಿದ್ದರು. "ಒಂದು ಕೊಡ ನೀರಿನ ಸಲುವಾಗಿ ನಾನ ಅವರನ್ನ ಕೊಂದೆ."

ಕೆಲವು ದಿನಗಳ ಮೇಲೆ ದೋಣಿಯವರು ಗಾಡಿ ತಂದು ಬಿಟ್ಟರು. ಹೋಗುವಾಗ ಗೇಟಿನ ಹತ್ತಿರ ನನ್ನನ್ನು ಕರೆದು ದನಿ ತಗ್ಗಿಸಿದರು. ಡಬ್ಬಿಯಲ್ಲಿ ಏನೂ ಕೆಟ್ಟಿರಲಿಲ್ಲ. ಒಣಗಿತ್ತು, ಎಲ್ಲೂ ಕಿಲುಬು ಇಲ್ಲ. ಸವಾರ ನೀರಿಗೆ ಬಿದ್ದರೆ ಇಂಜಿನ್ ತಾನೇ ಬಂದ್ ಆಗಲಿ ಅಂತ ಕೈಗೆ ಕಟ್ಟಿಕೊಳ್ಳುವ ದಾರವೊಂದಿರುತ್ತದೆ. ಅದರ ತುದಿಯ ಕ್ಲಿಪ್ಪು ಸಡಿಲಾಗಿ ಕಳಚಿತ್ತು, ಗಾಡಿ ನಿಂತದ್ದು ಅದಕ್ಕೆ, ಅಷ್ಟೇ. ಒತ್ತಿ ಕೂರಿಸಿ ಬಟನ್ ಅದುಮಿದರೆ ಗಾಡಿ ಚಾಲೂ ಆಯಿತಂತೆ. ವಾರವಿಡೀ ಡಬ್ಬಿಯ ಚಿಂತೆಯಲ್ಲೇ ಇದ್ದ ಮನುಷ್ಯ ಬೇರೆ ಕಡೆ ನೋಡಲೇ ಇಲ್ಲ.

ಕಾಕುವಿನ ಎದೆಯ ಭಾರ ಇಳಿದೀತು ಅಂತ ನಾನು ಒಳಗೆ ಓಡಿಹೋಗಿ ಎಲ್ಲವನ್ನೂ ಹೇಳಿದೆ. ನೀರಿನದೇನೂ ತಪ್ಪಿಲ್ಲ ಕಾಕು, ನಿಮ್ಮದೂ ಇಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದರು.

"ಹಂಗ ಅನಬ್ಯಾಡ ಯವ್ವಾ. ನನ್ನಿಂದನ ಆತು ಅಂತನ ಇರ್ಲಿ. ಇಲ್ಲಾಂದ್ರ ಅವರು ಸುಮ್ಮಸುಮ್ಮನ ಹೋದಂಗ ಆಗ್ತೈತಿ."

ಆಮೇಲೆ ಆ ಮಾತು ನಾನು ಎತ್ತಲಿಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದೆ. ಕಾಕು ಈಗ ತಂಗಿಯ ಸಂಸಾರದ ಜೊತೆ ಅದೇ ಮನೆಯಲ್ಲಿದ್ದಾರೆ. ಗಾಡಿಯನ್ನು ಎಂದೋ ಮಾರಿದರು. ಸಂಜೆ ಹೊತ್ತು ಕಾಕಾ ಜೋರಾಗಿ ನಗುತ್ತಿದ್ದ ಆ ಅಂಗಳ ಖಾಲಿ ಇರುವುದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ಅವರಿಲ್ಲ ಅನ್ನುವುದು ಗೇಟು ತೆರೆದಾಗಲೆಲ್ಲ ಹೊಸದಾಗಿ ಗೊತ್ತಾಗುತ್ತದೆ.

ಸ್ಕೂಟರ್ ಕೆಟ್ಟ ಮರುದಿನ ಮನಸ್ಸು ತಡೆಯದೆ ಹುಬ್ಬಳ್ಳಿಗೆ ಹೋದೆ. ಕಾಕು ಚಹಾ ಕೊಟ್ಟು ಪಕ್ಕದಲ್ಲಿ ಕೂತರು. ಹುಟ್ಟಿದಾಗಿನಿಂದ ಸಮುದ್ರ ನೋಡಿದವರಲ್ಲ ಅವರು. ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡರು.

"ಒಮ್ಮೆ ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯೇನ ಯವ್ವಾ? ದಂಡಿ ಮ್ಯಾಗ ನಿಂತು, ಅವರಿಗೆ ಕೇಳೋದೊಂದು ಐತಿ, ಅಷ್ಟ ಕೇಳಿ ಬರ್ತೇನಿ."

ಆಗಲಿ ಅಂದಿದ್ದೇನೆ. ಕರೆದುಕೊಂಡು ಹೋಗಲೇಬೇಕು. ಆದರೆ ದಂಡೆಯ ತನಕ ಹೋದ ಕಾಕು ನೀರಿಗೆ ಇಳಿಯದೆ ದಂಡೆಯಲ್ಲೇ ನಿಲ್ಲುತ್ತಾರೆ ಅನ್ನುವ ನಂಬಿಕೆ ನನಗೆ ಬರುತ್ತಿಲ್ಲ.